ಟಾಂಕಿಗೆ ತಗುಲಿದ ಗುಂಡಿನ ಬಗ್ಗೆ ವಿಮಾ ಕಂಪನಿಗೆ

ಮಂಗಳೂರಿನ ವಿಮಾ ಕಂಪನಿಯ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಮೇಜಿಗೂ, ಆ ಮೇಜಿನ ಮೇಲೆ ಮೂರು ತಿಂಗಳಿಂದ ಸುಖವಾಗಿ ನಿದ್ರಿಸುತ್ತಿರುವ ನನ್ನ ಅರ್ಜಿಗೂ ಚೇರಂಬಾಣೆಯಿಂದ ದೇರಪ್ಪನು ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಮಲಗುವ ಕೋಣೆಯ ಹಲಗೆಯ ಮುಚ್ಚಿಗೆಯೊಂದೇ ಕ್ಷೇಮವಾಗಿಲ್ಲ. ಅದರ ಬಗ್ಗೆ ತಾವೂ ನಾನೂ ಬರೆದುಕೊಂಡಿರುವಷ್ಟು ಕಾಗದವನ್ನು, ನಮ್ಮ ಕೊಡಗನ್ನು ಮೈಸೂರು ರಾಜ್ಯಕ್ಕೆ ಸೇರಿಸುವಾಗಲೂ ಯಾರೂ ಬರೆದಿರಲಾರರು. ಇಷ್ಟು ದಿನ ಲಕೋಟೆಯೊಳಗೆ ಬರೆಯುತ್ತಿದ್ದವನು ಈಗ ಮಡಿಕೇರಿಯ ಪತ್ರಿಕೆಯ ಮೂಲಕ ಬರೆಯುತ್ತಿರುವುದೇಕೆಂದರೆ, ನಷ್ಟ ಅಳೆಯಲು ಬಂದಿದ್ದ ತಮ್ಮ ಸರ್ವೇಯರ್ ಮಹಾಶಯರು ವರದಿ ಬರೆಯುವ ಮೊದಲೇ ಮಡಿಕೇರಿಯ ಹೋಟೆಲಿನಲ್ಲಿ ಕುಳಿತು ನನ್ನ ಕಥೆಯನ್ನು ರಸವತ್ತಾಗಿ ಹೇಳಿದ್ದಾರೆ. ಊರವರು ಒಂದು ಕಡೆಯ ಮಾತನ್ನಷ್ಟೇ ಕೇಳಿದಂತಾಗಬಾರದಲ್ಲ.

ಮೊದಲಿಗೆ ಟಾಂಕಿಯ ವಂಶಾವಳಿ. ಪಾಲಿಬೆಟ್ಟದ ಎಸ್ಟೇಟೊಂದನ್ನು ಮಾರಿ ಸೀಮೆಗೆ ಹೊರಟ ಬಿಳಿ ದೊರೆಯೊಬ್ಬರ ಸಾಮಾನು ಹರಾಜಾದಾಗ, ಉಳಿದವರೆಲ್ಲ ಕುರ್ಚಿ, ಕನ್ನಡಿಗಳಿಗೆ ಮುಗಿಬಿದ್ದರೆ, ನಾನೊಬ್ಬನೇ ದೂರಾಲೋಚನೆಯಿಂದ ಕಬ್ಬಿಣದ ಟಾಂಕಿಯನ್ನು ಹಿಡಿದೆ. ಬಚ್ಚಲುಮನೆಯ ತಾರಸಿಯ ಮೇಲೆ ಅದನ್ನು ಕೂರಿಸಿ, ಗುಡ್ಡದ ಒರತೆಯಿಂದ ಕೊಳವೆ ಎಳೆಸಿ, ನಮ್ಮೂರಿನ ಮೊದಲ ನಲ್ಲಿಯನ್ನು ಈ ಕೈಯಿಂದಲೇ ತಿರುಗಿಸಿದೆ. ಅದರ ನೀರು ಕುಡಿದ ತಮ್ಮ ಏಜೆಂಟ್ ನಾಗೇಶ್ವರ, ಭಟ್ಟರ ಮಗನಾದ್ದರಿಂದ ಸುಳ್ಳು ಹೇಳಲಾರನೆಂದು ನಾನು ನಂಬಿದವನು, ಬೆಂಕಿ ಬಿದ್ದರೂ, ಬಿರುಗಾಳಿ ಬೀಸಿದರೂ, ಟಾಂಕಿ ಒಡೆದು ಮನೆ ನೆನೆದರೂ ಕಂಪನಿಯದೇ ಜವಾಬುದಾರಿ ಎಂದು ಹೇಳಿ ಸಹಿ ಹಾಕಿಸಿಕೊಂಡ.

ಇನ್ನು ಕೈಲ್ ಮುಹೂರ್ತ. ಸಮುದ್ರದ ದಡದಲ್ಲಿ ಕುಳಿತ ತಮಗೆ ಅದು ತಿಳಿದಿರಲಾರದು. ನಾಟಿ ಮುಗಿದ ಮೇಲೆ ನಾವು ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತೇವೆ, ಹೊಟ್ಟೆ ತುಂಬ ಉಣ್ಣುತ್ತೇವೆ, ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಕಾಯಿ ಯಾರ ಗುಂಡಿಗೆ ಒಡೆಯಿತೋ ವರ್ಷವಿಡೀ ಊರಿನಲ್ಲಿ ಅವರ ಮಾತಿಗೆ ತೂಕ. ಹನ್ನೊಂದು ವರ್ಷ ಅದು ನನ್ನ ಗುಂಡಿಗೇ ಒಡೆದಿದೆ. ಗದ್ದೆಬಯಲಿನಲ್ಲಿ ನಡೆಯುತ್ತಿದ್ದ ಈ ಪಂದ್ಯವನ್ನು ಈ ಸಲ, ಬಂದವರು ನಮ್ಮ ನಲ್ಲಿಯನ್ನೂ ಕಂಡಂತಾಗಲಿ ಎಂಬ ಲೋಕೋಪಕಾರ ಬುದ್ಧಿಯಿಂದ, ನಾನೇ ನಮ್ಮ ಅಂಗಳಕ್ಕೆ ಕರೆಸಿಕೊಂಡೆ. ಕಾಯಿಯನ್ನು ಬಚ್ಚಲುಮನೆಯ ಹಿಂದಿನ ಹಲಸಿನ ಮರಕ್ಕೆ ಕಟ್ಟಿಸಿದವನೂ ನಾನೇ.

ಮೊದಲ ಗುಂಡು ನನ್ನದು. ಮೀಸೆ ತಿರುವಿ, ಉಸಿರು ಕಟ್ಟಿ, ಹಾರಿಸಿದೆ. ಶಬ್ದ ಚೆನ್ನಾಗಿಯೇ ಬಂತು. ಹೊಗೆ ಇಳಿದ ಮೇಲೆ ನನ್ನ ಅಕ್ಕನ ಮಗ ಪೂವಯ್ಯ, ಸಭೆಯ ಮರ್ಯಾದೆ ನೋಡದೆ, "ಕಾಯಿ ಅಲ್ಲೇ ಉಟ್ಟಲ್ಲ ಮಾವ, ಟಾಂಕಿ ಉಚ್ಚೆ ಹೊಯ್ತಾ ಉಟ್ಟು" ಎಂದ. (ನಮ್ಮ ಕಡೆ 'ಉಟ್ಟು' ಎಂದರೆ 'ಇದೆ'.) ಟಾಂಕಿಯ ತೂತಿನಿಂದ ಹೊರಟ ನೀರು ಬಿಲ್ಲಿನಂತೆ ಬಾಗಿ, ಒಂದು ಹನಿಯೂ ಆಚೀಚೆ ಆಗದಂತೆ ಅಟ್ಟದ ಕಿಂಡಿಯೊಳಗೆ ಬೀಳುತ್ತಿತ್ತು. ಅಂಥ ಗುರಿಯನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಒರತೆಯ ನೀರಾದ್ದರಿಂದ ಟಾಂಕಿ ಬರಿದಾಗುವ ಪ್ರಶ್ನೆಯೇ ಇರಲಿಲ್ಲ. ನೀರು ನಿಲ್ಲಿಸುವ ಕೀಲು ಎಲ್ಲಿದೆಯೆಂದು ಬಲ್ಲವನು ನಾನೊಬ್ಬನೇ. ಆ ನಾನಾದರೋ, ಕೋವಿಯ ನಳಿಗೆ ಸೊಟ್ಟಗಾಗಿರುವುದನ್ನು ನೆಂಟರಲ್ಲಿ ಒಬ್ಬೊಬ್ಬರಿಗೂ ತೋರಿಸುವುದರಲ್ಲಿದ್ದೆ. ಅಷ್ಟರಲ್ಲಿ ಅಟ್ಟದ ನೀರು ತುಂಬಿ ಮುಚ್ಚಿಗೆಯ ಹಲಗೆಗಳು ಹಾಸಿಗೆಯ ಮೇಲೆ ಕುಸಿದವು, ಗೋಡೆ ಗಡಿಯಾರ ನಿಂತಿತು, ನನ್ನ ಹೆಂಡತಿ ನೀಲಾವತಿಯ ಮದುವೆ ಸೀರೆಗಳ ಪೆಟ್ಟಿಗೆ ಕೆರೆಗೆ ಬಿದ್ದಂತಾಯಿತು.

ತಮ್ಮ ಇಂಗ್ಲಿಷ್ ಕಾಗದವನ್ನು ಶಾಲೆಯ ಮೇಷ್ಟ್ರು ತಿಮ್ಮಪ್ಪಯ್ಯನವರು ನನಗೆ ಮೂರು ಸಲ ಓದಿ ಹೇಳಿದರು. ಮೂರನೆಯ ಸಲ ನಗು ತಡೆಯಲಾರದೆ ಕನ್ನಡಕ ತೆಗೆದಿಟ್ಟರು. ಅದರ ಸಾರ ಇಷ್ಟು: ಬೇಕೆಂದೇ ಟಾಂಕಿಗೆ ಹೊಡೆದಿದ್ದರೆ ಕಂಪನಿ ಏನೂ ಕೊಡದು. ಆಕಸ್ಮಿಕವಾದರೆ, 'ನಾನು ತೆಂಗಿನಕಾಯಿಗೆ ಗುರಿಯಿಟ್ಟು, ಗುರಿ ತಪ್ಪಿದೆ' ಎಂದು ಸಹಿ ಮಾಡಿದ ಕೂಡಲೇ ಎಲ್ಲ ನಷ್ಟವನ್ನೂ ತುಂಬಿಕೊಡುವುದು. ಎಂಥ ಔದಾರ್ಯ, ಸ್ವಾಮಿ. ಹಲಗೆ ಕೊಡುತ್ತೀರಿ, ಗಡಿಯಾರ ಕೊಡುತ್ತೀರಿ, ಬದಲಿಗೆ ಹನ್ನೊಂದು ವರ್ಷದ ಮೀಸೆಯನ್ನಷ್ಟೇ ಕೇಳುತ್ತೀರಿ.

ಆದ್ದರಿಂದ ವಿನಯಪೂರ್ವಕ ಕೋರಿಕೆ ಏನೆಂದರೆ, ಕಾಯಿಯೇ ಪಕ್ಕಕ್ಕೆ ಸರಿಯಿತೆಂದು ತಾವು ಬರೆದುಕೊಳ್ಳಬಹುದು. ಅಥವಾ ಟಾಂಕಿ ಕುತೂಹಲದಿಂದ ನಡುವೆ ಬಂತೆನ್ನಬಹುದು. ದುಬಾರೆಯ ಆನೆಯೊಂದು ಬಂದು ದಂತದಿಂದ ತಿವಿಯಿತೆಂದರೂ ನನ್ನ ಅಡ್ಡಿಯಿಲ್ಲ, ಮಾವುತನನ್ನು ನಾನು ಒಪ್ಪಿಸುತ್ತೇನೆ. ಇವು ಯಾವುವೂ ಕಾನೂನಿಗೆ ಒಗ್ಗದಿದ್ದರೆ, ಟಾಂಕಿಗೇ ಗುರಿಯಿಟ್ಟು ಟಾಂಕಿಗೇ ಹೊಡೆದೆನೆಂದು ಬರೆದುಕೊಂಡು, ಆದರೂ ಕೊಡುವುದನ್ನು ಕೊಟ್ಟುಬಿಟ್ಟರೆ, ನನ್ನ ಮಾನವೂ ಉಳಿದೀತು, ಮುಚ್ಚಿಗೆಯೂ ಮೇಲೇರೀತು.

ಹೀಗೆ ಬರೆದು ಉತ್ತರಕ್ಕೆ ಕಾಯುವುದೆಂದೇ ಇದ್ದೆ. ಆದರೆ ಕಾಫಿ ಕೊಯ್ಲಿನ ಚಳಿ ಬಂದಿದೆ. ನೀಲಾವತಿ ತನ್ನ ಹಾಸಿಗೆಯನ್ನು ಅಡುಗೆಮನೆಯ ಒಲೆಯ ಪಕ್ಕಕ್ಕೆ ಒಯ್ದು, ನನ್ನದನ್ನು ಸರಿಯಾಗಿ ಮುಚ್ಚಿಗೆಯ ಬಾಯಿಯ ಕೆಳಗೆ, ಬಾವಲಿಗಳ ದರ್ಬಾರಿನಡಿ ಹಾಕಿದ್ದಾಳೆ. ಕಂಬಳಿ ಕೇಳಿದರೆ, "ಮರ್ಯಾದೆ ಅಷ್ಟ್ ದೊಡ್ಡದ್ ಉಟ್ಟಲ್ಲ, ಅದ್ನೇ ಹೊದ್ದ್‌ಕಂಡ್ ಮಲಗಿ" ಎನ್ನುತ್ತಾಳೆ.

ಮಾನ್ಯರೇ, ತಮ್ಮ ನಮೂನೆಯ ಏಳನೆಯ ಪ್ರಶ್ನೆಯನ್ನು ಇಷ್ಟು ದಿನ ಖಾಲಿ ಬಿಟ್ಟಿದ್ದೆ. ಅದೇ ಜಾಗದಿಂದ ಬೇರೆ ಯಾರಾದರೂ ಗುಂಡು ಹಾರಿಸಿದರೇ, ಹಾರಿಸಿದ್ದರೆ ಏನಾಯಿತು ಎಂಬ ಪ್ರಶ್ನೆ. ಇಂದು ಬೆಳಿಗ್ಗೆ ಅದನ್ನೂ ತುಂಬಿದೆ. ಕೊನೆಗೆ ನಾನು ಹೋಗಿ ಕೀಲು ತಿರುಗಿಸಿ ಬಂದ ಮೇಲೆ, ಮೈಯೆಲ್ಲ ಒದ್ದೆಯಾದ ನೀಲಾವತಿ ಸೆರಗು ಬಿಗಿದು, ನಾನು ಸೊಟ್ಟ ಸೊಟ್ಟ ಎನ್ನುತ್ತಿದ್ದ ಕೋವಿಯನ್ನು ನನ್ನ ಕೈಯಿಂದಲೇ ತೆಗೆದುಕೊಂಡು, ನಾನು ನಿಂತಲ್ಲೇ ನಿಂತು, ಒಂದೇ ಗುಂಡಿಗೆ ಕಾಯಿಯನ್ನು ಎರಡು ಹೋಳು ಮಾಡಿದಳು. ಕೋವಿಯನ್ನು ಮರಳಿ ನನ್ನ ಕೈಗೆ ಕೊಟ್ಟು, ನೆಲ ಒರೆಸಲು ಹೋದಳು. ನಳಿಗೆ ಸೊಟ್ಟಗಿಲ್ಲ. ನಾನು ಗುರಿಯಿಟ್ಟೆ, ತಪ್ಪಿದೆ. ಸಹಿ ಮಾಡಿದ ನಮೂನೆ ಟಪಾಲಿನಲ್ಲಿ ಬೇರೆಯಾಗಿ ಬರುತ್ತಿದೆ. ಹಣವನ್ನು ಅವಳ ಹೆಸರಿಗೇ ಕಳಿಸಿ. ಈ ವರ್ಷ ನಮ್ಮ ಮನೆಯಲ್ಲಿ ತೂಕ ಇರುವುದು ಅವಳ ಮಾತಿಗೆ.

ತಮ್ಮ ವಿಶ್ವಾಸಿ,
ದೇರಪ್ಪ
(ಹನ್ನೊಂದು ವರ್ಷ ಕಾಯಿ ಒಡೆದವನು, ಹನ್ನೆರಡನೆಯದೂ ಮನೆಯಿಂದ ಹೊರಗೆ ಹೋಗಿಲ್ಲ)

ಮರೆತ ಮಾತು: ಮುಂದಿನ ಕೈಲ್ ಮುಹೂರ್ತದೊಳಗೆ ತಮ್ಮ ಹಣ ಬಂದು ಮುಚ್ಚಿಗೆ ಏರದಿದ್ದರೆ, ಆ ದಿನ ತಾವೂ ಸರ್ವೇಯರ್ ಮಹಾಶಯರೂ ನಮ್ಮ ಅಂಗಳಕ್ಕೆ ಮುಖ್ಯ ಅತಿಥಿಗಳಾಗಿ ಬರಲೇಬೇಕು. ಎಲ್ಲವೂ ಚೆನ್ನಾಗಿ ಕಾಣುವಂತೆ ಇಬ್ಬರಿಗೂ ಟಾಂಕಿಯ ಪಕ್ಕದಲ್ಲೇ ಕುರ್ಚಿ ಹಾಕಿಸುತ್ತೇನೆ. ಮೊದಲ ಗುಂಡು ಎಂದಿನಂತೆ ನನ್ನದೇ.