ಟಿಟ್ಟಿಭ ಸರಿಸಿದ ಪೆಂಡಾಲು

ನಮ್ಮ ಕಾಕಾನಂಥ ಜಗಳಗಂಟರು ಇಡೀ ಸೇಡಂನಲ್ಲಿ ಇನ್ನೊಬ್ಬರಿರಲಿಲ್ಲ. ಅದೂ ಎಂಥ ಜಗಳ! ಸಾರಿಗೆ ಉಪ್ಪು ಕಡಿಮೆಯಾದರೆ ಪೋಸ್ಟ್‌ಮ್ಯಾನನಿಗೆ ಬೈಗುಳ. ಕಚೇರಿಯಲ್ಲಿ ಸಾಹೇಬರು ರೇಗಿದರೆ ಮನೆಯ ಗೋಡೆ ಗಡಿಯಾರಕ್ಕೆ ಮಂಗಳಾರತಿ. ಲಾಜಿಕ್ ಕೇಳಬೇಡಿ, ಪ್ಲೀಸ್! ಅಪ್ಪ-ಅಮ್ಮ ಇಲ್ಲದ ನನ್ನನ್ನು ಸಾಕಿದ ಈ ಬ್ರಹ್ಮಚಾರಿ, ತಹಸೀಲ್ ಕಚೇರಿಯಲ್ಲಿ ಪೇಶಕಾರ.

ನಿಜಾಮರ ಆಳ್ವಿಕೆ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಹೊಸ ಶಾಲೆಗೆ ಅಡಿಗಲ್ಲು ಹಾಕಲು ಹೈದರಾಬಾದಿನಿಂದ ಮಂತ್ರಿಗಳು ಬರುವವರಿದ್ದರು. ಪೆಂಡಾಲಿನ ಜವಾಬ್ದಾರಿ ಕಾಕಾನದು.

"ಏನರೆ ಹೆಚ್ಚುಕಮ್ಮಿ ಆತಂದ್ರ ಚಿಂಚೋಳಿಗಿ ತಬಾದ್ಲಾ ನೋಡ್ರಿ, ಪೇಶಕಾರ್ರ!" ಎಂದಿದ್ದರು ತಹಸೀಲ್ದಾರರು.

ವರ್ಗವಾದರೆ ದಿನಾ ಕ್ಯಾಂಪು. ನನ್ನನ್ನು ನೋಡಿಕೊಳ್ಳಲು ಅಲ್ಲಿ ಪಕ್ಕದ ಮನೆಯ ಆಯಿ ಎಲ್ಲಿಂದ ಬರಬೇಕು? ನನಗೆ ಬೋರ್ಡಿಂಗೇ ಗತಿ!

ಕಾಕಾನ ಜೊತೆ ನಾನೂ ಶಾಲೆಯ ಮೈದಾನಕ್ಕೆ ಹೋಗಿದ್ದೆ. ಕಂಬಕ್ಕೆ ಗುಣಿ ತೋಡಬೇಕೆನ್ನುವಾಗ ಎರಗಿತು ಒಂದು ಟಿಟ್ಟಿಭ ಹಕ್ಕಿ. ಮೈ ಗಾಡ್, ಅದರ ಗಂಟಲೇ! ಟೊಪ್ಪಿಗೆ, ರುಮಾಲು, ಯಾವುದಕ್ಕೂ ಮುಲಾಜಿಲ್ಲ. ಆಳುಗಳು ಅದು ಒದರಿದಲ್ಲೆಲ್ಲ ಗೂಡು ಹುಡುಕಿ ಸುಸ್ತಾದರು.

"ಗೂಡು ಎಲ್ಲದ, ಕಾಕಾ?"

"ಒದರೂ ಜಾಗಾದಾಗ ಇರಂಗಿಲ್ಲವ್ವ. ಸುಮ್ಮನ ಬಾ."

ದೂರದಲ್ಲಿ, ಸರಿಯಾಗಿ ನಡುಗಂಬದ ಗುರುತಿನ ಮೇಲೆ, ಫರಸಿಕಲ್ಲಿನ ಚೂರುಗಳ ನಡುವೆ ಕಲ್ಲಿನಂಥವೇ ನಾಲ್ಕು ಮೊಟ್ಟೆ! ಕಾಕಾ ಕುಕ್ಕರಗಾಲಲ್ಲಿ ಕೂತು ಒಂದು ಕ್ಷಣ ಮೊಟ್ಟೆಗಳನ್ನು ನೋಡಿದರು, ಒಂದು ಕ್ಷಣ ನನ್ನನ್ನು. ಆಮೇಲೆ ಎದ್ದು ಪೆಂಡಾಲಿನವನ ಮೇಲೆ ಹರಿಹಾಯ್ದರು.

"ಲೇ ತಮ್ಮಾ, ಅಕಲ್ ಎಲ್ಲಿಟ್ಟೀ? ಮಂತ್ರಿಗೋಳ ಕಣ್ಣಾಗ ಬಿಸಲು ಹೊಡೀತದ! ಸರ್ಸು ಆ ಕಡಿ, ಇಪ್ಪತ್ತು ಮಾರು!"

ಪೆಂಡಾಲು ಸರಿಯಿತು. "ಭಾಳ ಮುಂದಾಲೋಚನಿ ಅದರಿ ನಿಮ್ಮದು," ಎಂದು ತಹಸೀಲ್ದಾರರೂ ತಲೆದೂಗಿದರು.

ಮರುದಿನ ಸಂಜೆ ಮಂತ್ರಿಗಳು ಭಾಷಣಕ್ಕೆ ಎದ್ದರೆ, ಬಿಸಿಲು ನೆಟ್ಟಗೆ ಅವರ ಕಣ್ಣಿಗೇ! ಮೊದಲಿನ ಜಾಗಕ್ಕೆ ಬೇವಿನ ಮರದ ನೆರಳಿತ್ತು. ಮೇಲಿಂದ ಪ್ರತಿ ವಾಕ್ಯಕ್ಕೂ ಟಿಟ್ಟಿಭದ ಅನುಮೋದನೆ ಬೇರೆ!

ತಬಾದ್ಲಾ ಆರ್ಡರ್ ತಡಮಾಡಲಿಲ್ಲ. ಮೈದಾನದಲ್ಲಿ ಮರಿಗಳು ತುರುತುರು ಓಡಾಡುವಷ್ಟರಲ್ಲಿ ನನ್ನ ಟ್ರಂಕು ಸಿದ್ಧವಾಗಿತ್ತು.

ಸ್ಟೇಶನ್ನಿನಲ್ಲಿ ಕಾಕಾ ನನ್ನ ಟ್ರಂಕನ್ನು ಸೀಟಿನ ಕೆಳಗೆ ತಳ್ಳಿ ಇಳಿದರು. ಗಾಡಿ ಸೀಟಿ ಹಾಕಿದ್ದೇ ಪ್ಲಾಟ್‌ಫಾರ್ಮಿನ ಆ ತುದಿಗೆ ಓಡಿ, ಚಹಾದವನಿಗೆ ಗಂಟುಬಿದ್ದರು. "ಇದು ಚಾ ಏನೋ, ಕಾಗಿಣಾ ಹೊಳಿ ನೀರೇನೋ!" ನನ್ನನ್ನು ಕರೆದೊಯ್ಯಲು ಬಂದಿದ್ದ ಬೋರ್ಡಿಂಗಿನ ಸಿಸ್ಟರ್, "ವಾಟ್ ಎ ಫನ್ನಿ ಮ್ಯಾನ್!" ಎಂದರು. ನಾನೂ ಕಿಟಕಿಗೆ ಆತು ಬಿದ್ದುಬಿದ್ದು ನಕ್ಕೆ. ಅಳುವುದೇ ಮರೆತುಹೋಯಿತು.

ಕಾಕಾ ಅಂದು ಚಹಾ ಕೊಂಡೇ ಇರಲಿಲ್ಲ. ಇದು ನನಗೆ ಹೊಳೆದದ್ದು ಮೊನ್ನೆ ಮೊನ್ನೆ, ಎಂಬತ್ತು ದಾಟಿದ ಮೇಲೆ.