ಚೆನ್ನಪ್ಪನ ಗೋಣಿಯ ಹಸಿರು ಜೋಳ

“ಮುಟ್ಬೇಡಿ ಚೆನ್ನಪ್ಪಣ್ಣ! ಅದು ಬೂಷ್ಟು! ಜೋಳದ ಬೂಷ್ಟು ವಿಷ ಮಾರಾಯ್ರೆ. ದನ ತಿಂದ್ರೆ ಹಾಲಿಗೂ ಬರ್ತದಂತೆ, ಮೊಬೈಲಿನಲ್ಲಿ ತೋರಿಸಿದ್ದಾರೆ!”

ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿದ್ದ ಪಕ್ಕದ ಮನೆಯ ಪರಮೇಶ್ವರಿಯಕ್ಕ ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟರು. ಚೆನ್ನಪ್ಪ ಗೋಣಿಯೊಳಗೆ ಬಗ್ಗಿದ. ಹೌದು, ಮೇಲಿನ ಕಾಳುಗಳಿಗೆಲ್ಲ ನೀಲಿಹಸಿರು ಮೆತ್ತಿಕೊಂಡಿದೆ. ಅವನ ಎದೆ ಅಡಿಕೆ ಸುಲಿಯುವ ಮಿಷನ್ನಿನ ಹಾಗೆ ಹೊಡೆದುಕೊಂಡಿತು. ಗೌರಿ ಕರು ಹಾಕಿದ ಮೇಲೆ ಡಿಪೋಕ್ಕೆ ಅವಳ ಹಾಲು ಹೋಗಬೇಕಾದದ್ದು ಅಂದು ಸಂಜೆಯೇ ಮೊದಲು!

“ಅಕ್ಕಾ, ಬೆಳಗ್ಗೆ ಇದೇ ಗೋಣಿಯದ್ದು ಹಾಕಿದ್ದೇನೆ. ಯಾರಿಗೂ ಹೇಳ್ಬೇಡಿ.”

“ಛೆ, ನಾನು ಯಾರ ಹತ್ರ ಹೇಳುದು?”

ಗೋಣಿ ಹೊತ್ತ ಸ್ಕೂಟರು ಐವರ್ನಾಡು ಪೇಟೆ ದಾಟುವಷ್ಟರಲ್ಲಿ ಮೂವರು ಕೈ ಅಡ್ಡ ಹಿಡಿದು ಕೇಳಿದರು: “ಗೌರಿ ಉಂಟಾ, ಹೋಯ್ತಾ?”

ಸುಳ್ಯದ ಹಿಂಡಿ ಅಂಗಡಿಯಲ್ಲಿ ಚೆನ್ನಪ್ಪ ಗೋಣಿಯನ್ನು ಧೊಪ್ಪನೆ ಇಳಿಸಿದ. “ಮೂಸಾಕ, ಎಂತ ಜೋಳ ಕೊಟ್ಟದ್ದು ನೀವು? ಬರೀ ವಿಷ!”

ಅಂಗಡಿಯ ಮೂಸಕುಂಞಿಯವರು ಕನ್ನಡಕ ಏರಿಸಿ ವಾಸನೆ ನೋಡಿದರು. ನಾಲ್ಕು ಕಾಳನ್ನು ಗ್ಲಾಸಿನ ನೀರಿಗೆ ಹಾಕಿದರು. ನೀರು ನೀಲಿಯಾಯಿತು.

“ಬೂಷ್ಟು ಹೀಗೆ ಬಣ್ಣ ಬಿಡ್ತದಾ? ಇವತ್ತು ಅಡಿಕೆಗೆ ಮದ್ದು ಬಿಟ್ರಾ?”

“ಹೂಂ. ದನಕ್ಕೆ ಹಾಕಿ ಆದ ಮೇಲೆ ಮೈಲುತುತ್ತು ಕಲಸಿದೆ.”

“ಕಲಸಿದ ಕೋಲು ಎಲ್ಲಿಟ್ರಿ?”

ಚೆನ್ನಪ್ಪ ಗೋಣಿಯ ಬಾಯಿ ನೋಡಿದ. ಕೋಲನ್ನು ಅಡ್ಡ ಇಟ್ಟದ್ದು ಅದರ ಮೇಲೆಯೇ. ಅಡಿಕೆಗೆ ರೋಗ ಬಾರದಿರಲೆಂದು ಬಿಡುವ ಮದ್ದನ್ನೇ ರೋಗವೆಂದು ಹೊತ್ತು ತಂದಿದ್ದ! ಗೌರಿ ತಿಂದದ್ದು ಅದಕ್ಕೂ ಮೊದಲು. ಮೇಲಿನ ಎರಡು ಬೊಗಸೆ ಬಿಸಾಡಿದರಾಯಿತು. ಅಲ್ಲಿಂದಲೇ ಫೋನು ಹಚ್ಚಿದ.

“ಅಕ್ಕಾ, ಬೂಷ್ಟಲ್ಲ! ಬರೀ ಮೈಲುತುತ್ತು!”

“ಅಬ್ಬ, ದೇವರು ದೊಡ್ಡವ! ಈಗಲೇ ಎಲ್ಲರಿಗೂ ಹೇಳ್ತೇನೆ!”

ಸಂಜೆ ಡಿಪೋದಲ್ಲಿ ಹಾಲು ಅಳೆಯುವ ಕೃಷ್ಣಮೋಹನ ಅಳತೆಯ ಪಾತ್ರೆಗೆ ಕೈ ಅಡ್ಡ ಹಿಡಿದ.

“ಬೂಷ್ಟಾದ್ರೆ ಯಾರ ಹತ್ರಾದ್ರೂ ಕೇಳಿ ನೋಡ್ಬಹುದಿತ್ತು ಚೆನ್ನಪ್ಪಣ್ಣ. ಮೈಲುತುತ್ತು ತಿಂದ ದನದ ಹಾಲು ಹೇಗೆ ತಗೊಳ್ಳುದು?”

“ತಿನ್ಲಿಲ್ಲ ಮಾರಾಯ! ನೋಡು, ನಾನೇ ಕುಡಿದು ತೋರಿಸ್ತೇನೆ!”

ಚೆಂಬು ತುಂಬಿಸಿ ಗಟಗಟನೆ ಎತ್ತಿದ. ಆತುರಕ್ಕೆ ಹಾಲು ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ, ಕಣ್ಣು ಕೆಂಪಾಗಿ, ಮಾತು ಹೊರಡದೆ ಗೋಡೆ ಹಿಡಿದು ಕುಳಿತ.

ಉಸಿರು ತಿರುಗುವಷ್ಟರಲ್ಲಿ ನಾಲ್ಕು ಜನ ಅವನನ್ನು ಎತ್ತಿ ರಿಕ್ಷಾದೊಳಗೆ ಮಲಗಿಸಿಯಾಗಿತ್ತು.