ಚೆಂಡು ಬಾರದವನ ಓಟ

ವಯಸ್ಸಾದವರು ತಮ್ಮ ಯೌವನದ ಆಟಗಳ ಬಗ್ಗೆ ಹೇಳುವಾಗ ಅರ್ಧವನ್ನಾದರೂ ಕಳೆದು ಕೇಳಬೇಕು. ನನ್ನ ವಿಷಯದಲ್ಲಿ ಆ ಶ್ರಮವಿಲ್ಲ, ಕಳೆಯುವುದಕ್ಕೆ ಏನೂ ಇಲ್ಲ. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ನ್ಯೂಜೆರ್ಸಿಯಲ್ಲಿ ನಾನು ಎರಡು ವರ್ಷ ರಗ್ಬಿ ಆಡಿದೆ. ಮೊದಲ ವರ್ಷ ಚೆಂಡು ಒಮ್ಮೆಯೂ ನನ್ನ ಕೈಗೆ ಬರಲಿಲ್ಲ. ನಾನು ಕೆಟ್ಟ ಆಟಗಾರ ಎಂದು ಯಾರೂ ಅನ್ನುತ್ತಿರಲಿಲ್ಲ. ಚೆಂಡು ಬರಬಾರದು ಎಂದೇ ನನ್ನನ್ನು ತಂಡಕ್ಕೆ ಸೇರಿಸಿಕೊಂಡಿದ್ದರು. ಈ ಮಾತನ್ನು ನನ್ನ ಮೊಮ್ಮಗಳಿಗೆ ಹೇಳಿದರೆ ಅವಳು ಇಂಗ್ಲಿಷಿನಲ್ಲಿ ಸಮಾಧಾನ ಮಾಡಲು ಬರುತ್ತಾಳೆ. ಸಮಾಧಾನ ಬೇಕಾಗಿಲ್ಲ. ಅದೊಂದು ಹುದ್ದೆ, ಮತ್ತು ಅದಕ್ಕೆ ನನ್ನನ್ನು ಆರಿಸಿದವನು ಸಾಮಾನ್ಯನಲ್ಲ.

ಅವನ ಹೆಸರು ವಾಲ್ಟರ್. ನಾವಾಗ ಓಲ್ಡ್ ಬ್ರಿಡ್ಜ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಮಾತ್ರೆಗಳನ್ನು ಬಾಟಲಿಗೆ ತುಂಬುವ ಯಂತ್ರಗಳನ್ನು ಮಾಡುವ ಕಾರ್ಖಾನೆಯಲ್ಲಿ ನಾನು ನಕ್ಷೆ ಬರೆಯುವ ಎಂಜಿನಿಯರ್, ವಾಲ್ಟರ್ ಅಲ್ಲಿಯ ಲೇತ್ ವಿಭಾಗದ ಮೇಸ್ತ್ರಿ. ಉತ್ತರ ಇಂಗ್ಲೆಂಡಿನವನು, ಐವತ್ತು ದಾಟಿದ್ದ, ಎರಡು ಕಿವಿಗಳೂ ಹಳೆಯ ಬದನೆಕಾಯಿಯ ಹಾಗೆ ಮುದುರಿಕೊಂಡಿದ್ದವು. ಮೊದಲ ಆರು ತಿಂಗಳು ಅವನ ಇಂಗ್ಲಿಷು ನನಗೆ ತಿಳಿಯಲಿಲ್ಲ, ನನ್ನದು ಅವನಿಗೆ ತಿಳಿಯಲಿಲ್ಲ. ನಮ್ಮಿಬ್ಬರ ಇಂಗ್ಲಿಷೂ ಅಮೆರಿಕನ್ನರಿಗೆ ತಿಳಿಯುತ್ತಿರಲಿಲ್ಲವಾದ್ದರಿಂದ ಊಟದ ಹೊತ್ತಿನಲ್ಲಿ ನಾವಿಬ್ಬರೂ ಒಂದೇ ಮೇಜಿಗೆ ಬಂದು ಸೇರಿದೆವು. ಅವನು ತನ್ನೂರಿನ ಕಡೆ ರಗ್ಬಿ ಲೀಗ್ ಎಂಬ ಆಟದ ಒಂದು ವೃತ್ತಿಪರ ತಂಡಕ್ಕೆ ಮೊದಲು ಆಟಗಾರನಾಗಿ, ಆಮೇಲೆ ಕೋಚ್ ಆಗಿ ಇದ್ದವನು ಎಂಬುದು ಅಲ್ಲಿ ಗೊತ್ತಾಯಿತು. ಆಟ ಕೇಳಿದರೆ ಸುಲಭ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಎದುರಾಳಿಗಳ ಗಡಿ ದಾಟಿ ನೆಲಕ್ಕೆ ಮುಟ್ಟಿಸಬೇಕು. ಕೈಯಿಂದ ಎಸೆಯುವುದಾದರೆ ಹಿಂದಕ್ಕೇ ಎಸೆಯಬೇಕು. ನಿಮ್ಮನ್ನು ಹಿಡಿದು ಕೆಡವಿದರೆ ಎದ್ದು, ಕಾಲಿನಿಂದ ಚೆಂಡನ್ನು ಹಿಂದಕ್ಕೆ ಉರುಳಿಸಿ ಮತ್ತೆ ಆಡಬಹುದು. ನಾಲ್ಕು ಸಲ ಕೆಡವಿಸಿಕೊಂಡ ಮೇಲೆ ಚೆಂಡು ಅವರಿಗೆ.

ವಾಲ್ಟರ್ ಕೆಲಸ ಕಳೆದುಕೊಂಡದ್ದು ಇದೇ ನಾಲ್ಕು ಅವಕಾಶಗಳ ವಿಷಯಕ್ಕೆ. ದಪ್ಪ ದಪ್ಪ ಆಟಗಾರರು ಚೆಂಡನ್ನು ಅವುಚಿಕೊಂಡು ನೆಟ್ಟಗೆ ನುಗ್ಗಲಿ, ಅಪಾಯ ಬೇಡ ಎಂದು ಕ್ಲಬ್ಬಿನ ಆಡಳಿತ ಮಂಡಳಿಯವರು. ಚೆಂಡು ಕೈಯಿಂದ ಕೈಗೆ ಓಡಾಡಲಿ, ಜಾಗ ಇಲ್ಲದ ಕಡೆ ಜಾಗ ಮಾಡೋಣ ಎಂದು ವಾಲ್ಟರ್. ಒಂದು ಸೋಲಿನ ಮರುದಿನ ಮಂಡಳಿಯವರು ತಂಡದ ನಾಯಕನನ್ನು ಕರೆದು, ಈ ಮನುಷ್ಯನ ರೀತಿಯ ಆಟ ಹುಡುಗರಿಗೆ ಬೇಕೇ ಎಂದು ಕೇಳಿದರಂತೆ. ನಾಯಕ ಬೇಡ ಎಂದ. ಅವನನ್ನು ಹದಿನೆಂಟನೆಯ ವಯಸ್ಸಿನಿಂದ ತಿದ್ದಿ ಬೆಳೆಸಿದವನು ವಾಲ್ಟರೇ. ಅವತ್ತಿನಿಂದ ಅವರಿಬ್ಬರಿಗೆ ಮಾತಿಲ್ಲ. ಇದನ್ನು ವಾಲ್ಟರ್ ನನಗೆ ಹೇಳಿದ್ದು ಒಂದೇ ಸಲ, ನನ್ನ ಕಾರಿನ ಟೈರು ಬದಲಿಸುತ್ತ, ನನ್ನ ಮುಖ ನೋಡದೆ. ಆಮೇಲೆ ಮಗಳನ್ನು ಇಲ್ಲಿಗೆ ಕೊಟ್ಟಿದ್ದರಿಂದ ಅಮೆರಿಕಕ್ಕೆ ಬಂದ. ಬಂದವನು ಸುಮ್ಮನಿರದೆ, ಕಾರ್ಖಾನೆಯ ಹದಿನೈದು ಜನರನ್ನು ಕಲೆಹಾಕಿ ಶನಿವಾರದ ಬೆಳಗ್ಗೆ ಪಾರ್ಕಿನಲ್ಲಿ ತಂಡ ಕಟ್ಟಿ, ಸಿಕ್ಕಿದವರ ಮೇಲೆ ಆಡಿಸತೊಡಗಿದ.

ನಾನು ಅದರಲ್ಲಿ ಸಿಕ್ಕಿಕೊಂಡದ್ದು ಗಾಳಿಯ ದೆಸೆಯಿಂದ. ಒಂದು ದಿನ ಪಾರ್ಕಿಂಗ್ ಲಾಟಿನಲ್ಲಿ ನನ್ನ ಕೈಯಲ್ಲಿದ್ದ ನಕ್ಷೆಯ ಹಾಳೆ ಹಾರಿಹೋಯಿತು. ಕಾರುಗಳ ನಡುವೆ ಅದನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತಿರುಗಿದರೆ ವಾಲ್ಟರ್ ಬಾಗಿಲಲ್ಲಿ ನಿಂತಿದ್ದ. “ಮೂರ್ತಿ, ಎಲ್ಲಿ ಕಲಿತೆ ಹೀಗೆ ತಿರುಗೋದನ್ನ?” ಎಂದ. ಮೈಸೂರಿನ ಹಾಸ್ಟೆಲಿನಲ್ಲಿ ಕಬಡ್ಡಿ ಆಡುತ್ತಿದ್ದೆ ಎಂದೆ. ಅದೇನೆಂದು ಕೇಳಿದ. ಊಟದ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕಬಡ್ಡಿ ಕಬಡ್ಡಿ ಎನ್ನುತ್ತ ತೋರಿಸಿದೆ. ಅಕೌಂಟ್ಸ್ ವಿಭಾಗದ ಇಬ್ಬರು ಹೆಂಗಸರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ವಾಲ್ಟರ್ ಮಾತ್ರ ಕಣ್ಣು ಮಿಟುಕಿಸದೆ ನೋಡಿದ.

ಅವನು ಕಲಿಸುವ ರೀತಿಯೇ ಬೇರೆ. ಇಲ್ಲಿಯ ಕೋಚುಗಳು ಕೂಗಾಡುವುದನ್ನು ನಾನು ಟೀವಿಯಲ್ಲಿ ನೋಡಿದ್ದೆ. ವಾಲ್ಟರ್ ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಊಟದ ಮೇಜಿನ ಉಪ್ಪಿನ ಕುಪ್ಪಿ, ಮೆಣಸಿನ ಕುಪ್ಪಿ, ಸಾಸಿನ ಸೀಸೆಗಳನ್ನು ಸಾಲಾಗಿ ಇಟ್ಟು, ಒಂದನ್ನು ಸ್ವಲ್ಪ ಸರಿಸಿ, “ಈಗ ಇವನು ಎತ್ತ ನೋಡ್ತಾನೆ?” ಎಂದು ಕೇಳುತ್ತಿದ್ದ. ಉತ್ತರ ಬರುವವರೆಗೆ ಕಾಯುತ್ತಿದ್ದ. ತಪ್ಪು ಉತ್ತರ ಹೇಳಿದರೆ ಕುಪ್ಪಿಯನ್ನು ಮೊದಲಿನ ಜಾಗಕ್ಕೆ ಇಟ್ಟು ಮತ್ತೆ ಕೇಳುತ್ತಿದ್ದ. ಹೀಗೆ ಒಂದು ಮಧ್ಯಾಹ್ನ ಮೆಣಸಿನ ಕುಪ್ಪಿಯನ್ನು ನನ್ನ ಕಡೆಗೆ ತಳ್ಳಿ, “ಇದು ನೀನು” ಎಂದ. ಚೆಂಡು ರಮೋನ್ ಕೈಯಲ್ಲಿರುತ್ತದೆ. ರಮೋನ್ ಪೋರ್ಟೊರಿಕೊದವನು, ಪ್ಯಾಕಿಂಗ್ ವಿಭಾಗದವನು, ನಿಂತಲ್ಲೇ ನಿಂತು ಬೇಕಾದ ಕಡೆ ಚೆಂಡೆಸೆಯುವ ಕೈ ಅವನದು. ನಾನು ಅವನ ಪಕ್ಕದಿಂದ ಕೈ ಚಾಚಿಕೊಂಡು ನುಗ್ಗಬೇಕು. ಎದುರಿನವರು ನನ್ನ ಮೇಲೆ ಬೀಳುತ್ತಾರೆ. ಆಗ ರಮೋನ್ ನನ್ನ ಬೆನ್ನ ಹಿಂದಿನಿಂದ ಚೆಂಡನ್ನು ಇನ್ನೊಬ್ಬನಿಗೆ ಕೊಡುತ್ತಾನೆ.

“ಹಾಗಾದ್ರೆ ನನಗೆ ಯಾವಾಗ ಚೆಂಡು ಬರುತ್ತೆ?” ಎಂದು ಕೇಳಿದೆ.

“ಬರೋದಿಲ್ಲ. ಆದ್ರೆ ಬಂದೇ ಬರುತ್ತೆ ಅಂತ ನಂಬಿ ಓಡಬೇಕು.”

“ಬರೋದಿಲ್ಲ ಅಂತ ಗೊತ್ತಿದ್ದ ಮೇಲೆ ನಂಬೋದು ಹೇಗೆ?”

“ಅದನ್ನ ಕಲಿಯೋದಕ್ಕೇ ಶನಿವಾರ ಬರೋದು” ಎಂದು ಮೆಣಸಿನ ಕುಪ್ಪಿಯನ್ನೆತ್ತಿ ತನ್ನ ಸೂಪಿಗೆ ಉದುರಿಸಿಕೊಂಡ.

ಕಷ್ಟ ಶುರುವಾದದ್ದು ಮನೆಯಲ್ಲಿ. ನನ್ನ ಹೆಂಡತಿ ಶಾಂತಾ ಧಾರವಾಡದವಳು. ಮೊದಲ ಶನಿವಾರ ನಾನು ಬಾಗಿಲು ತಟ್ಟಿದಾಗ ಅವಳು ತೆರೆದು, ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಏನ್ರಿ ಇದು, ಯಾರ ಹೊಲಾ ಉತ್ತು ಬಂದೀರಿ?” ಎಂದಳು. ನಮ್ಮ ಕಟ್ಟಡದಲ್ಲಿ ಬಟ್ಟೆ ಒಗೆಯುವ ಯಂತ್ರವಿರಲಿಲ್ಲ. ನನ್ನ ಕೆಸರು ಬಟ್ಟೆಗಳನ್ನು ಹೊತ್ತು ಲಾಂಡ್ರೊಮ್ಯಾಟಿಗೆ ಹೋಗಬೇಕು. ಅಲ್ಲಿ ಅವಳ ರೇಷ್ಮೆ ರವಿಕೆಯೊಂದು ನನ್ನ ಸಾಕ್ಸಿನ ಜೊತೆ ಸೇರಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಅದನ್ನೂ ಕ್ಷಮಿಸಿದಳು. ಆದರೆ ನನ್ನ ಹುದ್ದೆಯನ್ನು ವಿವರಿಸಿದಾಗ ಅವಳಿಗೆ ತಡೆಯಲಾಗಲಿಲ್ಲ. “ಚೆಂಡ ಕೊಡೂದಿಲ್ಲಂದ್ರ ಓಡೂದರ ಯಾಕ? ಬೀಳೂದರ ಯಾಕ?” ಎಂದಳು. ಕಾಲೇಜಿನಲ್ಲಿ ಅವಳು ಖೋ ಖೋ ತಂಡದ ನಾಯಕಿಯಾಗಿದ್ದವಳು, ಆಟದ ವಿಷಯದಲ್ಲಿ ಅವಳೆದುರು ಮಾತಾಡಲು ನನಗೆ ಯಾವಾಗಲೂ ಸಂಕೋಚ. ವಾಲ್ಟರ್ ಹೇಳಿದ್ದನ್ನೆಲ್ಲ ಅಡಿಗೆಮನೆಯ ಕಟ್ಟೆಯ ಮೇಲೆ ಬೇಳೆ ಡಬ್ಬಿ, ಸಾಸಿವೆ ಡಬ್ಬಿ ಇಟ್ಟು ತೋರಿಸಿದೆ. ಅವಳು ನಾನಾಗಿದ್ದ ಸಾಸಿವೆ ಡಬ್ಬಿಯನ್ನು ನೋಡುತ್ತ ಬಹಳ ಹೊತ್ತು ನಿಂತಳು. ಅಂದಿನ ಹುಳಿಗೆ ಒಗ್ಗರಣೆ ಬಿದ್ದಿರಲಿಲ್ಲ.

ಮರುವರ್ಷ, ಎಲೆ ಉದುರುವ ಕಾಲಕ್ಕೆ, ರಮೋನ್ ಒಂದು ಸುದ್ದಿ ತಂದ. ಅವನ ಅಣ್ಣ ನ್ಯೂಅರ್ಕ್ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಅಲ್ಲಿ ನಿಂತಿದ್ದ ಇಂಗ್ಲಿಷ್ ಸರಕು ಹಡಗೊಂದರ ನಾವಿಕರು ರಗ್ಬಿ ಲೀಗ್ ಆಡುವವರಂತೆ, ಎದುರಾಳಿಗಳನ್ನು ಹುಡುಕುತ್ತಿದ್ದಾರಂತೆ. ವಾಲ್ಟರ್ ಅವತ್ತು ಪಕ್ಕದ ಮೇಜುಗಳ ಕುಪ್ಪಿಗಳನ್ನೂ ತಂದು ಜೋಡಿಸಿದ. ತನ್ನ ಆಟ ತಿಳಿದವರ ಎದುರು ತನ್ನ ತಂಡ ಆಡಿ ಆರು ವರ್ಷವಾಗಿತ್ತು.

ಶನಿವಾರ ಶಾಂತಾಳೂ ಬಂದಳು. ಕಿತ್ತಳೆ ಹಣ್ಣಿನ ತೊಳೆಗಳಿಗೆ ಉಪ್ಪು ಖಾರ ಸವರಿ ಒಂದು ಡಬ್ಬಿ ತುಂಬ ತಂದಿದ್ದಳು. ಹಡಗಿನವರು ವ್ಯಾನಿನಿಂದ ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಇಳಿದವನು ಎಲ್ಲರಿಗಿಂತ ದೊಡ್ಡವನು, ನಲವತ್ತರ ಆಸುಪಾಸು, ಮಂಡಿಗಳಿಗೆ ಪಟ್ಟಿ ಸುತ್ತಿಕೊಂಡಿದ್ದ. ಅವನನ್ನು ನೋಡಿ ವಾಲ್ಟರ್ ಕೈಯಲ್ಲಿದ್ದ ಚೆಂಡನ್ನು ನನ್ನ ಪಕ್ಕದವನಿಗೆ ಕೊಟ್ಟು, ಟೋಪಿ ತೆಗೆದು, ಮತ್ತೆ ಹಾಕಿಕೊಂಡ. “ಡೆನಿಸ್” ಎಂದ, ನನಗೆ ಮಾತ್ರ ಕೇಳುವಷ್ಟು. ಅವನೇ ಆ ನಾಯಕ. ಆಟ ಬಿಟ್ಟು ಹಡಗು ಸೇರಿದ್ದ. ಇಬ್ಬರೂ ಇಪ್ಪತ್ತು ಅಡಿ ದೂರದಲ್ಲಿ ನಿಂತು ತಲೆಯಾಡಿಸಿದರು, ಹತ್ತಿರ ಬರಲಿಲ್ಲ. ಮಾತೇನಿದ್ದರೂ ಮಧ್ಯೆ ಇದ್ದ ನನ್ನ ಮೂಲಕ ನಡೆಯಿತು. ನಾಲ್ಕು ಸಲ ಕೆಡವಿದ ಮೇಲೆ ಚೆಂಡು ಬದಲು ಎಂದು ವಾಲ್ಟರ್ ಹೇಳಿ ಕಳಿಸಿದ. ಡೆನಿಸ್ ನೆಲ ನೋಡುತ್ತ, “ಈಗ ನಾಲ್ಕಲ್ಲ, ಆರು ಅಂತ ಅವರಿಗೆ ಹೇಳು. ನಿಯಮ ಬದಲಾಗಿದೆ” ಎಂದ. ನಾನು ಹೋಗಿ ಹೇಳಿದೆ. ವಾಲ್ಟರ್, “ನನಗೆ ಯಾರೂ ಬರೆದು ತಿಳಿಸಲಿಲ್ಲ” ಎಂದ. ಆ ಮಾತು ಕೇಳಿ ನನಗೆ ಬೇಜಾರಾಯಿತು. ಊರು ಬಿಟ್ಟು ಬಂದವರಿಗೆ ಅದರ ಅರ್ಥ ಬೇಗ ತಿಳಿಯುತ್ತದೆ.

ಅರ್ಧ ಆಟ ಮುಗಿಯುವ ಹೊತ್ತಿಗೆ ನಾವು ಚೆನ್ನಾಗಿ ಸೋಲುತ್ತಿದ್ದೆವು. ನಾನು ಮೂರು ಸಲ ಪ್ರಾಣದ ಹಂಗು ಬಿಟ್ಟು ಓಡಿದ್ದೆ, ಮೂರು ಸಲವೂ ಡೆನಿಸ್ ನನ್ನನ್ನು ದಾಟಿ ಹೋಗಲು ಬಿಟ್ಟು ಹಿಂದಿನವನನ್ನು ಹಿಡಿದು ಕೆಡವಿದ್ದ. ಹುಲ್ಲಿನ ಮೇಲೆ ಕೂತು ಕಿತ್ತಳೆ ತಿನ್ನುವಾಗ ಶಾಂತಾ, “ಆ ದೊಡ್ಡಾಂವ ಅದಾನಲ್ಲ, ಅಂವ ನಿಮ್ಮ ಕಡೆ ನೋಡೂದ ಇಲ್ಲ. ನಿಮಗ ಚೆಂಡ ಬರಂಗಿಲ್ಲಂತ ಅವಗ ಗೊತ್ತದ” ಎಂದಳು. ನನಗೆ ಅವಮಾನವಾಯಿತು. ಆದರೂ ಇಂಗ್ಲಿಷಿಗೆ ತಿರುಗಿಸಿ ವಾಲ್ಟರನಿಗೆ ಹೇಳಿ, ಬೂಟಿನ ದಾರ ಕಟ್ಟಿಕೊಳ್ಳುವ ನೆವದಲ್ಲಿ ಅತ್ತ ಹೋದೆ. ತಿರುಗಿ ನೋಡಿದಾಗ ಶಾಂತಾ, ವಾಲ್ಟರ್, ರಮೋನ್ ಮೂವರೂ ಡಬ್ಬಿಯ ಮೇಲೆ ಬಗ್ಗಿ ಕಿತ್ತಳೆ ತೊಳೆಗಳನ್ನು ಸರಿಸುತ್ತಿದ್ದರು. ತಿನ್ನುತ್ತಿದ್ದಾರೆ ಎಂದುಕೊಂಡೆ.

ಆಟ ಮುಗಿಯುತ್ತ ಬಂದಾಗ ಅದೇ ಓಟ ಮತ್ತೆ ಬಂತು. ನಾನು ಎಂದಿನಂತೆ ಕೈ ಚಾಚಿಕೊಂಡು ನುಗ್ಗಿದೆ. ಡೆನಿಸ್ ಎಂದಿನಂತೆ ನನಗೆ ದಾರಿ ಬಿಟ್ಟ. ಅಷ್ಟರಲ್ಲಿ ಎರಡು ಅಂಗೈಗಳ ನಡುವೆ ಏನೋ ಬಂದು ಬಿತ್ತು. ನೋಡಿದರೆ ಚೆಂಡು. ರಮೋನ್ ಕೈತಪ್ಪಿ ಕೊಟ್ಟಿದ್ದಾನೆ ಎಂದು ಹೆದರಿ, ಯಾರಾದರೂ ಕಿತ್ತುಕೊಂಡಾರು ಎಂದು ಓಡಿದೆ. ಎದುರಿಗೆ ಬಯಲು, ಆಚೆ ಮೇಪಲ್ ಮರಗಳು, ಒಂದು ನರಪಿಳ್ಳೆಯೂ ಇಲ್ಲ. ಗಡಿ ದಾಟಿ ನಿಂತೆ. ಚೆಂಡನ್ನು ಎದೆಗವುಚಿಕೊಂಡು ಶಾಂತಾ ಎಲ್ಲಿದ್ದಾಳೆ ಎಂದು ಹುಡುಕಿದೆ. ನೆಲಕ್ಕೆ ಮುಟ್ಟಿಸಬೇಕು ಎಂಬುದು ನೆನಪಿಗೇ ಬರಲಿಲ್ಲ; ಒಂದು ವರ್ಷದಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ. ನಮ್ಮವರೆಲ್ಲ ಕೂಗುತ್ತಿದ್ದರು, ಹೊಗಳುತ್ತಿದ್ದಾರೆ ಎಂದುಕೊಂಡೆ. ಡೆನಿಸ್ ಪಟ್ಟಿ ಸುತ್ತಿದ ಮಂಡಿಗಳ ಮೇಲೆ ನನ್ನ ಕಡೆಗೇ ಓಡಿ ಬರುತ್ತಿದ್ದ. ಒಂದು ತಳ್ಳು ತಳ್ಳಿದ್ದರೆ ನಾನು ಮೈದಾನದ ಹೊರಗೆ ಹೋಗಿ ಬೀಳುತ್ತಿದ್ದೆ, ಓಡಿದ್ದೆಲ್ಲ ವ್ಯರ್ಥವಾಗುತ್ತಿತ್ತು. ಅವನು ಎರಡು ಮಾರು ದೂರದಲ್ಲಿ ನಿಂತುಬಿಟ್ಟ. “ಕೆಳಗಿಡಯ್ಯ. ಅವರ ಆಟ ಹಾಳು ಮಾಡಬೇಡ, ಕೆಳಗಿಡು” ಎಂದ. ಇಟ್ಟೆ.

ಆದರೂ ಸೋತೆವು. ಅದು ಯಾರಿಗೂ ನೆನಪಿರಲಿಲ್ಲ. ಆಟ ಮುಗಿದ ಮೇಲೆ ಡೆನಿಸ್ ಕುಂಟುತ್ತ ವಾಲ್ಟರ್ ಹತ್ತಿರ ಬಂದು ನಿಂತ. ಮಧ್ಯೆ ಇರಬಾರದೆಂದು ನಾನು ಎದ್ದೆ; ವಾಲ್ಟರ್ ತೋಳು ಹಿಡಿದು ಕೂರಿಸಿಕೊಂಡ.

“ಆ ಓಟವನ್ನ ನಾನು ಇನ್ನೂರು ಸಲವಾದ್ರೂ ನೋಡಿದೀನಿ. ಹಾಗೆ ಓಡೋನಿಗೇ ಚೆಂಡು ಕೊಟ್ಟಿದ್ದನ್ನ ನೋಡಿರಲಿಲ್ಲ” ಎಂದ ಡೆನಿಸ್.

“ನಾನೂ ನೋಡಿರಲಿಲ್ಲ” ಎಂದ ವಾಲ್ಟರ್.

ಡೆನಿಸ್ ಮಂಡಿಯ ಪಟ್ಟಿ ಬಿಚ್ಚತೊಡಗಿದ. “ಅವತ್ತು ಮಂಡಳಿಯವರು ಕೇಳಿದಾಗ ನನಗೆ ಮೂವತ್ನಾಲ್ಕು. ಕಾಲುಗಳು ಕೈಕೊಟ್ಟಿದ್ದವು. ನನ್ನ ಕಾಲು ಸರಿಯಿಲ್ಲ ಅಂತ ಹೇಳಬೇಕಿತ್ತು. ನಿಮ್ಮ ಆಟ ಸರಿಯಿಲ್ಲ ಅಂತ ಹೇಳಿದೆ.”

ವಾಲ್ಟರ್ ಕಿತ್ತಳೆ ಡಬ್ಬಿಯನ್ನು ಅವನ ಕಡೆ ಸರಿಸಿದ. ಡೆನಿಸ್ ಎರಡು ತೊಳೆ ಒಟ್ಟಿಗೆ ಬಾಯಿಗೆ ಹಾಕಿಕೊಂಡ. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಎಂದು ನಾವೆಲ್ಲ ಒಪ್ಪಿಕೊಂಡೆವು. “ಆರು ಅವಕಾಶ ಸಿಕ್ಕರೆ ಆಟವೇ ಬೇರೆ ಆಗಬೇಕಲ್ಲ. ಕೂತ್ಕೋ, ಸರಿಯಾಗಿ ಹೇಳು” ಎಂದ ವಾಲ್ಟರ್. ವ್ಯಾನಿನವರು ಹಾರನ್ ಹೊಡೆದು ಹೊಡೆದು ಸುಸ್ತಾಗುವವರೆಗೆ ಅವರಿಬ್ಬರೂ ಹುಲ್ಲಿನ ಮೇಲೆ ಬೂಟುಗಳನ್ನು ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸುತ್ತ ಕೂತಿದ್ದರು.

ಕಾರಿನಲ್ಲಿ ಮನೆಗೆ ಬರುವಾಗ ನಿಜ ಹೊರಬಿತ್ತು. ನನಗೇ ಚೆಂಡು ಕೊಡಿ ಎಂದು ಹೇಳಿದವಳು ಶಾಂತಾ. ವಾಲ್ಟರ್ ನನ್ನನ್ನು ಕರೆಯಲು ಹೊರಟಾಗ ತಡೆದವಳೂ ಅವಳೇ. “ಇವರಿಗೆ ಹೇಳಬೇಡಿ. ಹೇಳಿದರೆ ಓಡೋದು ಬಿಟ್ಟು ಯೋಚನೆ ಮಾಡ್ತಾ ನಿಲ್ತಾರೆ” ಎಂದು ಇಂಗ್ಲಿಷಿನಲ್ಲಿ ಹೇಳಿದಳಂತೆ. ಅಮೆರಿಕಕ್ಕೆ ಬಂದ ಮೇಲೆ ಅವಳು ಹೊರಗಿನವರ ಜೊತೆ ಇಂಗ್ಲಿಷಿನಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೆ ಕೋಪ ಬರಬೇಕಿತ್ತು. ಗಡಿ ದಾಟಿ ಬಂದ ಸಂತೋಷದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮುಂದಿನ ಶನಿವಾರ ಪಾರ್ಕಿಗೆ ಹೋದಾಗ ವಾಲ್ಟರನ ಮಡಿಸುವ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಇತ್ತು. ಶಾಂತಾ ಹೋಗಿ ಅದರಲ್ಲಿ ಕೂತಳು. ನಾನು ಎದೆಯುಬ್ಬಿಸಿಕೊಂಡು ಎದುರಿಗೆ ನಿಂತು, ಇನ್ನು ಮೇಲೆ ನನ್ನ ಕೆಲಸವೇನು ಎಂದು ಕೇಳಿದೆ. “ನಿನಗೂ ಚೆಂಡು ಬರಬಹುದು ಅಂತ ಈಗ ಎಲ್ಲರಿಗೂ ಗೊತ್ತಾಗಿದೆ. ಇನ್ನು ಕೊಡೋ ಅಗತ್ಯ ಇಲ್ಲ” ಎಂದ ವಾಲ್ಟರ್. ಶಾಂತಾ ಹೌದೆಂದು ತಲೆಯಾಡಿಸಿದಳು. ಆ ವರ್ಷದ ಉಳಿದ ಶನಿವಾರಗಳಲ್ಲೆಲ್ಲ ನಾನು ಓಡಿದೆ, ಪ್ರತಿ ಸಲವೂ ಇವತ್ತು ಖಂಡಿತ ಬರುತ್ತದೆ ಎಂದು ಮನಸಾರೆ ನಂಬಿಕೊಂಡು. ನನ್ನ ಆಟ ಬಹಳ ಸುಧಾರಿಸಿದೆ ಎಂದು ಅವರಿಬ್ಬರೂ ಮಾತಾಡಿಕೊಂಡರು.